ಫೋಟೋ ತೆಗೆಯೋದು ಅಂದ್ರೆ ಏನನ್ನ ತೆಗೆಯೋದು?

ಮೊದಲಿಗೇ ಒಂದು ಮಾತು ಹೇಳಿಬಿಡ್ತೀನಿ. ಬೆಳಿಗ್ಗೆ ಹತ್ತಕ್ಕೇ ಬಂದು ಈ ಕಟ್ಟಡದ ಟೆರೇಸ್ ಮೇಲೆ ಆರು ಹಾಳೆ ಬಿಸಿಲಿಗೆ ಇಟ್ಟಿದ್ದೀನಿ, ಮೇಲೆ ಗಾಜು, ಗಾಜಿನ ನಾಲ್ಕು ಮೂಲೆಗೆ ಕಲ್ಲು. ಫೋನ್ ಬಂತು ಅಂತ ಯಾರಾದ್ರೂ ಮೇಲೆ ಹೋದ್ರೆ ದಯವಿಟ್ಟು ಅದನ್ನ ಮುಟ್ಟಬೇಡಿ, ಮಂಗ ಕಂಡ್ರೆ ಓಡಿಸಿ. ಅದೇನು ಅಂತ ಆಮೇಲೆ ಹೇಳ್ತೀನಿ.

ಇವತ್ತು ಮಾತಾಡೋದು ಪ್ರಕೃತಿಯ ಅಬ್‌ಸ್ಟ್ರಾಕ್ಟ್ ಫೋಟೋಗಳ ಬಗ್ಗೆ. ಈಗ ಈ ಸ್ಲೈಡ್ ನೋಡಿ. ಏನಿದು?

ಒಬ್ರು ಪರದೆ ಅಂದ್ರು. ಇನ್ನೊಬ್ರು ಮಳೆ ಅಂದ್ರು. ಹಿಂದುಗಡೆಯಿಂದ ಯಾರೋ ‘ಕೈ ಅಲ್ಲಾಡಿದೆ’ ಅಂದ್ರು. ಹೌದು, ಅಲ್ಲಾಡಿದೆ, ನಾನೇ ಅಲ್ಲಾಡಿಸಿದ್ದು. ಇದು ನಮ್ಮನೆ ಅಡಿಕೆ ತೋಟ ಕಣ್ರೀ. ಜುಲೈ ತಿಂಗಳು, ಸಂಜೆ ಐದೂವರೆ, ಮಳೆ ಹೊಳವಾಗಿ ಹತ್ತು ನಿಮಿಷ ಆಗಿತ್ತು. ಈ ಬೂದು ಹಸಿರು ಗೆರೆಗಳೆಲ್ಲ ಮರ. ನಡುವೆ ಬೆಳ್ಳಗೆ ದಪ್ಪಕ್ಕೆ ಕಾಣೋ ಗೆರೆ ಇದೆಯಲ್ಲ, ಅದು ಬಿಸಿಲಿಗೆ ಕಾಂಡ ಸುಡಬಾರದು ಅಂತ ಸುಣ್ಣ ಬಳಿದಿರೋ ಅಂಚಿನ ಮರಗಳು. ಮೇಲೆ ಒಂದು ಕಡೆ ತೆಳು ನೀಲಿ ಛಾಯೆ ಇದೆ, ಅದು ಆಕಾಶ ಅಲ್ಲ, ಕೊಳೆ ರೋಗಕ್ಕೆ ಹೊಡೆದ ಬೋರ್ಡೋ ದ್ರಾವಣ, ಮೈಲುತುತ್ತದ ನೀಲಿ, ಗೊನೆ ಮೇಲೆ ಮೆತ್ತಿಕೊಂಡಿದ್ದು.

ನಾನು ಹುಲಿ ಫೋಟೋನೋ ಮಂಗಟ್ಟೆ ಹಕ್ಕಿ ಫೋಟೋನೋ ತೋರಿಸಿದ್ರೆ ನೀವು ಕೇಳೋದೇ ಬೇರೆ. ಎಲ್ಲಿ ಸಿಕ್ತು? ಭದ್ರಾನಾ ಕಬಿನಿನಾ? ಯಾವ ಲೆನ್ಸು? ಈ ಚಿತ್ರಕ್ಕೆ ಅದ್ಯಾವುದನ್ನೂ ಕೇಳಲ್ಲ, ‘ಇದಕ್ಕೇನಾಗಿದೆ’ ಅಂತೀರಿ, ಡಾಕ್ಟ್ರ ಹತ್ರ ಮಗು ಕರ್ಕೊಂಡು ಬಂದವರ ತರ. ಅದಕ್ಕೆ ಕಾರಣ ಇದೆ. ನಮ್ಮ ಕಡೆ ಪ್ರಕೃತಿ ಫೋಟೋಗ್ರಫಿ ಬೆಳೆದಿದ್ದೇ ಹೆಸರು ಹಿಡ್ಕೊಂಡು. ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್, ಸಂಡೂರಿನ ಎಂ.ವೈ. ಘೋರ್ಪಡೆ, ಮೂಡಿಗೆರೆಯ ತೇಜಸ್ವಿ, ಇವರೆಲ್ಲ ಒಂದು ಹಕ್ಕಿ ಹಿಂದೆ ಎಷ್ಟು ಹೊತ್ತು ಬೇಕಾದ್ರೂ ಕೂರೋರು, ಫಿಲ್ಮ್ ಕಾಲ, ಒಂದು ರೋಲಿಗೆ 36 ಫ್ರೇಮು. ಹಾಗೆ ಕೂತು ತೆಗೆದ ಚಿತ್ರದಲ್ಲಿ ಹಕ್ಕಿಯ ಗರಿ ಗರಿ ಕಾಣಬೇಕು ಅನ್ನೋದು ನ್ಯಾಯವೇ. ಫೋಟೋ ಸ್ಪರ್ಧೆ, ಅಂದ್ರೆ ಸಲೂನ್‌ಗಳ ನಿಯಮ ಕೂಡ ಅದೇ ಹೇಳುತ್ತೆ. ಫಿಯಾಪ್ ಅನ್ನೋ ಅಂತರರಾಷ್ಟ್ರೀಯ ಫೋಟೋ ಒಕ್ಕೂಟ, ಪಿಎಸ್ಎ ಅನ್ನೋ ಅಮೆರಿಕದ ಫೋಟೋ ಸಂಘ, ಇವರೆಲ್ಲ ಒಪ್ಪಿಕೊಂಡಿರೋ ‘ನೇಚರ್’ ವ್ಯಾಖ್ಯಾನ ಓದಿ ನೋಡಿ, ವಿಷಯ ತಿಳಿದವರು ಚಿತ್ರ ನೋಡಿ ಇದು ಇಂಥದ್ದು ಅಂತ ಗುರುತು ಹಿಡಿಯೋ ಹಾಗಿರಬೇಕು ಅಂತಿದೆ. ಅಂದ್ರೆ ನನ್ನ ತೋಟದ ಫೋಟೋ ನೇಚರ್ ವಿಭಾಗಕ್ಕೆ ಕಳಿಸಿದ್ರೆ ಬಾಗಿಲಲ್ಲೇ ವಾಪಸ್. ಕಳಿಸಿದ್ದೆ ಕೂಡ, ನಿಯಮ ಓದದೇ, ದುಡ್ಡು ಹೋಯ್ತು. ತಪ್ಪು ನಂದೇ. ಇಂಥದ್ದನ್ನ ಓಪನ್ ವಿಭಾಗಕ್ಕೆ ಕಳಿಸಬೇಕು.

ಆ ಬೇಜಾರಲ್ಲಿ ಮನೆಗೆ ಬಂದು ಯೋಚನೆ ಮಾಡ್ತಾ ಕೂತಾಗ ಒಂದು ವಿಷಯ ಹೊಳೀತು. ನಾವು ಕನ್ನಡದಲ್ಲಿ ‘ಫೋಟೋ ತೆಗೆಯೋದು’ ಅಂತೀವಿ. ತೆಗೆಯೋದು ಅನ್ನೋ ಮಾತು ಇನ್ನೆಲ್ಲೆಲ್ಲಿ ಬರುತ್ತೆ ನೋಡಿ. ಕಳೆ ತೆಗೆಯೋದು, ಸಿಪ್ಪೆ ತೆಗೆಯೋದು, ಮುಳ್ಳು ತೆಗೆಯೋದು, ದೃಷ್ಟಿ ತೆಗೆಯೋದು. ಎಲ್ಲಾ ಕಡೆ ಬೇಡದ್ದು ಏನೋ ಒಂದು ಹೊರಗೆ ಹೋಗುತ್ತೆ. ಹಾಗಾದ್ರೆ ಫೋಟೋದಲ್ಲಿ ನಾವು ಏನನ್ನ ತೆಗೀತಿದ್ದೀವಿ? ಅಬ್‌ಸ್ಟ್ರಾಕ್ಟ್ ಅಂದ್ರೆ ಅಮೂರ್ತ, ಅಮೂರ್ತ ಅಂದ್ರೆ ಅರ್ಥ ಆಗದ್ದು ಅಂತ ಹೆದರೋದು ಬೇಡ. ಇರೋದರಲ್ಲಿ ಒಂದನ್ನ ತೆಗೆದುಹಾಕೋದು, ಅಷ್ಟೇ. ಆದ್ರೆ ಯಾವುದನ್ನ ತೆಗೀತಿದ್ದೀನಿ ಅನ್ನೋದು ಶಟರ್ ಒತ್ತೋಕೆ ಮುಂಚೆ ನಮಗೆ ಗೊತ್ತಿರಬೇಕು. ಇವತ್ತು ತೋರಿಸೋ ಎಲ್ಲಾದಕ್ಕೂ ಈ ಪ್ರಶ್ನೆ ಹಾಕ್ಕೊಂಡು ನೋಡಿ.

ಆಲ್ಫ್ರೆಡ್ ಸ್ಟೀಗ್ಲಿಟ್ಜ್ ಅಂತ ಅಮೆರಿಕದವನು, 1922ರಲ್ಲಿ ನ್ಯೂಯಾರ್ಕ್ ರಾಜ್ಯದ ಲೇಕ್ ಜಾರ್ಜ್ ಅನ್ನೋ ಕಡೆ ಮೋಡದ ಫೋಟೋ ತೆಗೆಯೋಕೆ ಶುರು ಮಾಡಿದ, ಹತ್ತು ವರ್ಷಕ್ಕೂ ಮೇಲೆ ಅದೇ ಕೆಲಸ. ಅವನು ಜನರ ಫೋಟೋ ಚೆನ್ನಾಗಿ ತೆಗೀತಾನೆ ಯಾಕಂದ್ರೆ ಎದುರು ಕೂತವರನ್ನ ಮರುಳು ಮಾಡ್ತಾನೆ ಅಂತ ಯಾರೋ ಬರೆದಿದ್ರಂತೆ, ಹಂಗಾದ್ರೆ ಮೋಡವನ್ನ ಹೆಂಗೆ ಮರುಳು ಮಾಡೋದು ನೋಡೋಣ ಅಂತ ಹೊರಟ. ಅವನು ತೆಗೆದುಹಾಕಿದ್ದು ನೆಲವನ್ನ. ತುಂಬಾ ಚಿತ್ರಗಳಲ್ಲಿ ನೆಲ ಇಲ್ಲ, ಮರ ಇಲ್ಲ, ದಿಗಂತ ಇಲ್ಲ. ನೆಲ ಹೋದ ತಕ್ಷಣ ಮೇಲೆ ಯಾವುದು ಕೆಳಗೆ ಯಾವುದು ಗೊತ್ತಾಗಲ್ಲ, ಎಷ್ಟು ದೊಡ್ಡದು ಗೊತ್ತಾಗಲ್ಲ, ಕಪ್ಪು ಬಿಳುಪಿನ ಏರಿಳಿತ ಮಾತ್ರ ಉಳಿಯುತ್ತೆ. ‘ಇಕ್ವಿವಲೆಂಟ್ಸ್’ ಅಂತ ಹೆಸರಿಟ್ಟ, ಅಂದ್ರೆ ತನ್ನ ಮನಸ್ಸಲ್ಲಿ ನಡೀತಿರೋದಕ್ಕೆ ಸಮ ಅಂತ.

ಎಡ್ವರ್ಡ್ ವೆಸ್ಟನ್ 1930ರಲ್ಲಿ ಒಂದು ದೊಣ್ಣೆ ಮೆಣಸಿನಕಾಯಿ ಫೋಟೋ ತೆಗೆದ. ಅದನ್ನ ತಗಡಿನ ಆಲಿಕೆ ಒಳಗೆ ಇಟ್ಟಿದ್ದ, ಸೀಮೆಎಣ್ಣೆ ಹಾಕ್ತಿದ್ವಲ್ಲ ಆ ತರದ್ದು, ಸ್ವಲ್ಪ ದೊಡ್ಡದು. ಹಿನ್ನೆಲೆ ಮಾಯ, ಸುತ್ತಲಿಂದ ಮೆತ್ತಗೆ ಬೆಳಕು. ಅಲ್ಲಿ ಅಲುಗಾಟ ಇಲ್ಲ, ಮಬ್ಬು ಇಲ್ಲ, ಕಡ್ಡಿ ಮುರಿದಷ್ಟು ಶಾರ್ಪ್, ಆದ್ರೂ ನೋಡಿದವರಿಗೆ ಕಾಣೋದು ಪೈಲ್ವಾನನ ಬೆನ್ನು. ಅವನು ತೆಗೆದಿದ್ದು ಅಡುಗೆಮನೆಯನ್ನ. ಇದನ್ನ ಯಾಕೆ ಹೇಳ್ದೆ ಅಂದ್ರೆ ಅಬ್‌ಸ್ಟ್ರಾಕ್ಟ್ ಅಂದ್ರೆ ಬ್ಲರ್ ಅಂತ ತುಂಬಾ ಜನ ಅಂದ್ಕೊಂಡಿದ್ದಾರೆ. ಬ್ಲರ್ ಒಂದು ದಾರಿ ಮಾತ್ರ.

ಆದ್ರೂ ಆ ದಾರಿ ಬಗ್ಗೆನೇ ಮೊದಲು ಹೇಳ್ತೀನಿ, ಯಾಕಂದ್ರೆ ನಿಮಗೆಲ್ಲ ಕುತೂಹಲ ಇರೋದು ಅದರಲ್ಲೇ ಅಂತ ಗೊತ್ತು. ಐಸಿಎಂ, ಇಂಟೆನ್ಷನಲ್ ಕ್ಯಾಮೆರಾ ಮೂವ್ಮೆಂಟ್ ಅಂತಾರೆ, ಬೇಕಂತಲೇ ಕ್ಯಾಮೆರಾ ಅಲ್ಲಾಡಿಸೋದು. ಅಡಿಕೆ ತೋಟ ಇದಕ್ಕೆ ಹೇಳಿ ಮಾಡಿಸಿದ ಜಾಗ. ಎಲ್ಲಾ ಮರನೂ ನೆಟ್ಟಗೆ, ಒಂಬತ್ತು ಅಡಿಗೆ ಒಂದು, ಕೊಂಬೆ ಇಲ್ಲ ರೆಂಬೆ ಇಲ್ಲ. ಮಳೆಗಾಲದ ಸಂಜೆ ತೋಟದೊಳಗೆ ಕತ್ತಲೆ ಎಷ್ಟಿರುತ್ತೆ ಅಂದ್ರೆ ಐಎಸ್ಒ 100, ಎಫ್ 11, ಅಂದ್ರೆ ಬೆಳಕಿಗೆ ಸೆನ್ಸರ್ ಚುರುಕು ಕಮ್ಮಿ, ಲೆನ್ಸಿನ ಕಿಂಡಿ ಚಿಕ್ಕದು, ಹಾಗೆ ಇಟ್ರೆ ಶಟರ್ ತೆರೆದಿರೋ ಹೊತ್ತು ತಾನಾಗೇ ಅರ್ಧ ಸೆಕೆಂಡ್ ಬರುತ್ತೆ, ಫಿಲ್ಟರೇ ಬೇಡ. ಬೇಸಿಗೆಯಲ್ಲಿ ಮಾಡ್ತೀನಿ ಅಂದ್ರೆ ಆರು ಸ್ಟಾಪಿನ ಎನ್‌ಡಿ ಅನ್ನೋ ಕಪ್ಪು ಫಿಲ್ಟರ್ ಹಾಕಿ, ಒಂದೊಂದು ಸ್ಟಾಪಿಗೂ ಬೆಳಕು ಅರ್ಧ ಆಗ್ತಾ ಹೋಗಿ 1/60 ಸೆಕೆಂಡ್ ಇದ್ದಿದ್ದು ಒಂದು ಸೆಕೆಂಡಿಗೆ ಇಳಿಯುತ್ತೆ. ಫಿಲ್ಟರ್ ಇಲ್ಲ ಅಂತ ಎಫ್ 22ಗೆ ಹೋಗಬೇಡಿ, ಸೆನ್ಸರ್ ಮೇಲಿನ ಧೂಳೆಲ್ಲ ಚುಕ್ಕಿ ಚುಕ್ಕಿಯಾಗಿ ಬಂದು ಕೂರುತ್ತೆ, ಆಮೇಲೆ ಅದನ್ನ ಒರೆಸ್ತಾ ರಾತ್ರಿ ಕಳೀಬೇಕು.

ಕೈ ಹೇಗೆ ಆಡಬೇಕು ಅನ್ನೋದು ಮುಖ್ಯ. ಮರ ಉದ್ದಕ್ಕೆ ಇದೆ, ಕ್ಯಾಮೆರಾನೂ ಉದ್ದಕ್ಕೇ ಹೋಗಬೇಕು, ಮೇಲಿಂದ ಕೆಳಗೆ. ಶಟರ್ ಒತ್ತಿ ಆಮೇಲೆ ಅಲ್ಲಾಡಿಸೋದಲ್ಲ. ಮೊದಲು ಅಲ್ಲಾಡಿಸೋಕೆ ಶುರು ಮಾಡಿ, ನಡುವೆ ಒತ್ತಿ, ಮುಚ್ಚಿದ ಮೇಲೂ ಕೈ ನಿಲ್ಲಿಸಬೇಡಿ. ಬಾವಿಯಿಂದ ನೀರು ಸೇದೋವಾಗ ಕೈ ಹೇಗೆ ಒಂದೇ ಸಮ ಹೋಗುತ್ತೆ, ಹಾಗೆ. ಮೊದಲೋ ಕೊನೆಗೋ ಕೈ ನಿಂತ್ರೆ ಪ್ರತಿ ಗೆರೆಗೂ ಒಂದು ಬಾಲ ಬರುತ್ತೆ, ಕೊಕ್ಕೆ ತರ. ಅಲುಗಾಟ ತಡೆಯೋ ಸ್ಟೆಬಿಲೈಸೇಶನ್ ಆಫ್ ಮಾಡಿ, ಇಲ್ಲಾಂದ್ರೆ ನೀವೊಂದು ಕಡೆ ಎಳೆದ್ರೆ ಅದೊಂದು ಕಡೆ ಎಳೆಯುತ್ತೆ. ಆ ಸಂಜೆ ನಾನು ಇನ್ನೂರು ಚಿಲ್ಲರೆ ಫ್ರೇಮ್ ತೆಗೆದೆ, ಕಚ್ಚಿದ ಇಂಬಳ ಲೆಕ್ಕ ಹಾಕಿಲ್ಲ, ಉಳಿಸಿಕೊಂಡಿದ್ದು ಮೂರು. ಆ ಮೂರರಲ್ಲೂ ಕಾಂಡದ ಮೇಲಿನ ಉಂಗುರದ ಗುರುತು ಮಸುಕಾಗಿ ಉಳಿದಿತ್ತು. ಅದು ಇದ್ದಿದ್ದಕ್ಕೆ ಗೆರೆಗಳು ಮರ ಅನ್ನಿಸ್ಕೊಳ್ತಾ ಇದ್ವು, ಅದೂ ಅಳಿಸಿಹೋದವು ಬರೀ ಸೀರೆ ಅಂಚು ಆಗಿದ್ವು.

ನಿಮ್ಮ ಪ್ರಶ್ನೆ ಬಂತು ನೋಡಿ, ಇದನ್ನ ಫೋಟೋಶಾಪಲ್ಲಿ ಎರಡು ನಿಮಿಷಕ್ಕೆ ಮಾಡಬಹುದಲ್ಲ ಅಂತ. ಮಾಡಬಹುದು, ಮಾಡಿ ನೋಡಿ. ನಾನೂ ಮಾಡಿದ್ದೀನಿ. ಒಂದು ವ್ಯತ್ಯಾಸ ಹೇಳ್ತೀನಿ. ಎಲೆ ತುದಿಯಲ್ಲಿ ಒಂದು ನೀರಹನಿ ಇದೆ, ಅದಕ್ಕೆ ಬೆಳಕು ಬಿದ್ದು ಫಳಫಳ ಅಂತಿದೆ. ಕ್ಯಾಮೆರಾ ಆಡಿಸಿದಾಗ ಆ ಹನಿಯ ಪೂರ್ತಿ ಬೆಳಕು ಹೋದ ದಾರಿಯುದ್ದಕ್ಕೂ ಬರೆ ಎಳೆದ ಹಾಗೆ ಬೆಳ್ಳಗೆ ಉಳಿಯುತ್ತೆ. ಅದೇ ನೆಟ್ಟಗೆ ತೆಗೆದ ಫೋಟೋದಲ್ಲಿ ಆ ಹನಿ ಬರೀ ಒಂದು ಬಿಳಿ ಚುಕ್ಕಿ, ಅದಕ್ಕಿಂತ ಹೆಚ್ಚಿನ ಬೆಳಕೆಲ್ಲ ಅಲ್ಲೇ ಕತ್ತರಿಸಿ ಹೋಗಿರುತ್ತೆ, ಆಮೇಲೆ ಸಾಫ್ಟ್‌ವೇರಲ್ಲಿ ಎಳೆದ್ರೆ ಆ ಚುಕ್ಕಿ ಹಂಚಿಹೋಗಿ ಬೂದಿ ಬಣ್ಣ ಆಗುತ್ತೆ. ಇನ್ನೊಂದು, ಸಾಫ್ಟ್‌ವೇರಿನ ಗೆರೆ ಸ್ಕೇಲ್ ಇಟ್ಟು ಎಳೆದ ಹಾಗಿರುತ್ತೆ, ಕೈ ಎಳೆದ ಗೆರೆಯಲ್ಲಿ ಉಸಿರು ಗೊತ್ತಾಗುತ್ತೆ. ಮೊಬೈಲಲ್ಲೂ ಆಗುತ್ತೆ, ಪ್ರೋ ಮೋಡ್ ಇದ್ರೆ ಶಟರ್ ನಿಧಾನ ಮಾಡ್ಕೊಳ್ಳಿ, ಬೆಳಕು ಕಮ್ಮಿ ಇರೋ ಹೊತ್ತಲ್ಲಿ.

ಆದ್ರೆ ನನಗೆ ಒಂದು ದೂರು ಇದೆ. ಫೋನ್ ಗ್ರೂಪುಗಳಲ್ಲಿ ಈಗ ಬರ್ತಿರೋ ಐಸಿಎಂ ನೋಡಿ, ಫೋಟೋ ಕೆಟ್ಟುಹೋಯ್ತು, ಅಬ್‌ಸ್ಟ್ರಾಕ್ಟ್ ಅಂತ ಹಾಕಿಬಿಡೋಣ ಅನ್ನೋದು ಜಾಸ್ತಿ. ಸಾರಿಗೆ ಉಪ್ಪು ಜಾಸ್ತಿ ಆದ್ರೆ ಅದನ್ನ ಹೊಸ ರುಚಿ ಅಂತ ಬಡಿಸಿದ ಹಾಗೆ. ಪರೀಕ್ಷೆ ಸುಲಭ ಇದೆ. ಅಂಥದ್ದೇ ಇನ್ನೊಂದು ಮಾಡಿ ತೋರಿಸು ಅಂದ್ರೆ ಆಗಬೇಕು.

ಇನ್ನೊಂದು ಆಟ, ಇದು ನನಗೆ ಭಾರಿ ಇಷ್ಟ. ಪೆಪ್ ವೆಂಟೋಸಾ ಅಂತ ಕ್ಯಾಟಲನ್ ಮೂಲದ ಫೋಟೋಗ್ರಾಫರ್, ಒಂದು ಮರದ ಸುತ್ತ ನಡೀತಾ ಹತ್ತಾರು ಫೋಟೋ ತೆಗೆದು ಎಲ್ಲಾನೂ ಒಂದರ ಮೇಲೊಂದು ಪೇರಿಸ್ತಾನೆ. ನಡುವಿನ ಕಾಂಡ ಗಟ್ಟಿಯಾಗಿ ನಿಲ್ಲುತ್ತೆ, ಸುತ್ತಲಿನ ಲೋಕ ಎಲ್ಲಾ ನೂಲು ನೂಲಾಗಿ ಕರಗಿ ಹೋಗುತ್ತೆ. ನಾನು ಅದನ್ನ ಓದಿದಾಗ ನಗು ಬಂತು, ಇದು ಪ್ರದಕ್ಷಿಣೆ ಅಲ್ವೇನ್ರೀ! ನಮ್ಮೂರ ಅರಳಿಕಟ್ಟೆಗೆ ಹೋದೆ. ಶನಿವಾರ ಬೆಳಿಗ್ಗೆ, ಹೆಂಗಸರು ನಾಲ್ಕೈದು ಜನ ಸುತ್ತು ಹಾಕ್ತಿದ್ರು, ನಾನೂ ಅವರ ಹಿಂದೆ ಕ್ಯಾಮೆರಾ ಹಿಡ್ಕೊಂಡು. ಹನ್ನೆರಡು ಹೆಜ್ಜೆಗೊಂದು ಫ್ರೇಮ್, ಕಾಂಡ ಯಾವಾಗ್ಲೂ ನಡುವಿನ ಫೋಕಸ್ ಪಾಯಿಂಟ್ ಮೇಲೇ ಇರಬೇಕು. ಒಂದು ಅಜ್ಜಿ ‘ಎಷ್ಟು ಸುತ್ತು ಹರಕೆ ತಮ್ಮಾ’ ಅಂತ ಕೇಳಿದ್ರು. ಮೂವತ್ತು ಫೋಟೋ ಅಜ್ಜೀ ಅಂದೆ. ‘ಮೂವತ್ತು ಸಾಲಲ್ಲ, ನೂರೆಂಟು ಹಾಕು’ ಅಂದ್ರು. ಕ್ಯಾಮೆರಾದೊಳಗೇ ಮಲ್ಟಿಪಲ್ ಎಕ್ಸ್‌ಪೋಶರ್ ಇದ್ರೆ ಕೆಲವದರಲ್ಲಿ ಒಂಬತ್ತು, ಕೆಲವದರಲ್ಲಿ ಹತ್ತರ ತನಕ ಆಗುತ್ತೆ, ಜಾಸ್ತಿ ಬೇಕಂದ್ರೆ ಕಂಪ್ಯೂಟರಲ್ಲಿ ಪೇರಿಸಬೇಕು. ಇಲ್ಲಿ ತೆಗೆದುಹಾಕಿದ್ದು ಏನು ಅಂತ ಕೇಳಿ. ನಿಂತ ಜಾಗವನ್ನ. ಯಾವ ಕಡೆಯಿಂದ ನೋಡಿದ್ದು ಅನ್ನೋ ಪ್ರಶ್ನೆನೇ ಇಲ್ಲ. ಅಜ್ಜಿಯ ಸೀರೆ ಕೆಂಪು ಮೂರು ಕಡೆ ತೆಳ್ಳಗೆ ಉಳಿದಿದೆ ನೋಡಿ, ಇಲ್ಲಿ, ಇಲ್ಲಿ, ಇಲ್ಲಿ.

ಈಗ ಅಲ್ಲಾಡಿಸದೇ ಇರೋ ಚಿತ್ರಗಳು. ಈ ಸ್ಲೈಡ್, ಪೆಟ್ರೋಲ್ ಚೆಲ್ಲಿದ ಹಾಗಿದೆ, ನೀಲಿ, ಕೆನ್ನೇರಳೆ, ಹಿತ್ತಾಳೆ ಬಣ್ಣ. ಗದ್ದೆ ಅಂಚಿನ ಕಾಲುವೆಯಲ್ಲಿ ನಿಂತ ನೀರಿನ ಮೇಲಿನ ಪೊರೆ ಇದು. ನಮ್ಮದು ಜಂಬಿಟ್ಟಿಗೆ ನೆಲ, ಕಬ್ಬಿಣದ ಅಂಶ ಜಾಸ್ತಿ, ಆ ಕಬ್ಬಿಣ ತಿನ್ನೋ ಬ್ಯಾಕ್ಟೀರಿಯಾ ಇಂಥ ಪೊರೆ ಕಟ್ತವೆ. ಯಾರೋ ಡೀಸೆಲ್ ಚೆಲ್ಲಿದ್ದಾರೆ ಅಂತ ನಾನೂ ಮೊದಲು ಬೈಕೊಂಡಿದ್ದೆ. ಕಡ್ಡಿಯಿಂದ ಕೆದಕಿ ನೋಡಿ, ಎಣ್ಣೆ ಆದ್ರೆ ಮತ್ತೆ ಬಂದು ಕೂಡಿಕೊಳ್ಳುತ್ತೆ, ಇದು ಹಪ್ಪಳ ಮುರಿದ ಹಾಗೆ ಚೂರು ಚೂರಾಗುತ್ತೆ. ಆ ಚೂರುಗಳ ಫೋಟೋ ಇನ್ನೂ ಚಂದ. ತೀರಾ ಹತ್ತಿರದಿಂದ ತೆಗೆಯೋ ಮ್ಯಾಕ್ರೋ ಲೆನ್ಸ್, ನೇರ ಮೇಲಿಂದ, ಮೋಡದ ಬೆಳಕು, ಅಷ್ಟೇ ಸಾಕು. ನೀರಿನ ಹೊಳಪು ತಗ್ಗಿಸೋ ಪೋಲರೈಸರ್ ಫಿಲ್ಟರ್ ಇದ್ರೆ ತಿರುಗಿಸ್ತಾ ನೋಡ್ತಾ ಹೋಗಿ, ಬಣ್ಣ ಏಳುತ್ತೆ, ಬೀಳುತ್ತೆ.

ಇದು ಗೋಕರ್ಣದ ಕಡೆ, ಇಳಿತದ ಹೊತ್ತು. ರಂಗೋಲಿ ಅಲ್ಲ, ಏಡಿ. ಬೆರಳ ತುದಿಯಷ್ಟು ಚಿಕ್ಕ ಏಡಿ, ಮರಳನ್ನ ಬಾಯಿಗೆ ಹಾಕ್ಕೊಂಡು ಅದರಲ್ಲಿರೋ ಆಹಾರ ಸೋಸ್ಕೊಂಡು ಉಳಿದಿದ್ದನ್ನ ಉಂಡೆ ಮಾಡಿ ಹಿಂದಕ್ಕೆ ಎಸೆಯುತ್ತೆ. ಬಿಲದಿಂದ ಹೊರಗೆ ಕಿರಣದ ತರ ಸಾಲು ಸಾಲು ಚುಕ್ಕಿ. ಮುಂದಿನ ಭರತಕ್ಕೆ ಎಲ್ಲಾ ಅಳಿಸಿ ಸಪಾಟು. ಇಲ್ಲಿ ನಾನು ತೆಗೆದಿದ್ದು ಅಳತೆಯನ್ನ. ಪಕ್ಕದಲ್ಲಿ ಒಂದು ಚಪ್ಪಲಿ ಗುರುತು ಇತ್ತು, ಅದನ್ನ ಫ್ರೇಮಿಂದ ಹೊರಗೆ ಹಾಕಿದ್ದಕ್ಕೆ ಇದು ನಕ್ಷತ್ರ ಮಂಡಲ ಆಯ್ತು, ಚಪ್ಪಲಿ ಇದ್ದಿದ್ರೆ ಏಡಿ ಬಗ್ಗೆ ವರದಿ ಆಗ್ತಿತ್ತು. ಎರಡೂ ಬೇಕು, ಒಂದೇ ಚಿತ್ರದಲ್ಲಿ ಬೇಡ.

ಇನ್‌ಫ್ರಾರೆಡ್ ಬಗ್ಗೆ ಚಿಕ್ಕದಾಗಿ ಹೇಳಿ ಮುಂದೆ ಹೋಗ್ತೀನಿ. ಅದು ಕೆಂಪಿನಾಚೆಗಿರೋ, ಕಣ್ಣಿಗೆ ಕಾಣದ ಬೆಳಕು. ಹಸಿರೆಲೆ ಆ ಬೆಳಕನ್ನ ವಾಪಸ್ ಎಸೆಯುತ್ತೆ, ಹಂಗಾಗಿ ಮರ ಎಲ್ಲಾ ಹಿಮ ಬಿದ್ದ ಹಾಗೆ ಬೆಳ್ಳಗೆ. ನೇಚರ್ ವಿಭಾಗದಲ್ಲಿ ಇದಕ್ಕೂ ಪ್ರವೇಶ ಇಲ್ಲ. ಮೊದಲ ಹತ್ತು ಚಿತ್ರ ಖುಷಿ ಕೊಡುತ್ತೆ, ಹನ್ನೊಂದನೆಯದು ಬೇಜಾರು. ನನ್ನ ಅಭಿಪ್ರಾಯ, ಜಗಳ ಬೇಡ.

ಕ್ಯಾಮೆರಾನೇ ಇಲ್ಲದ ದಾರಿಗೆ ಬರೋಣ. ಖಾಲಿ ತಂಪು ಪಾನೀಯದ ಡಬ್ಬಿ, ಒಳಗೆ ಕಪ್ಪು ಬಿಳುಪು ಪ್ರಿಂಟ್ ಹಾಕೋ ಹಳೇ ಫೋಟೋ ಪೇಪರ್, ಡಬ್ಬಿಗೆ ಸೂಜಿ ಮೊನೆಯಷ್ಟು ತೂತು. ಎಲ್ಲಾದ್ರೂ ಗಟ್ಟಿಯಾಗಿ ಕಟ್ಟಿ ಆರು ತಿಂಗಳು ಮರೆತುಬಿಡಿ. ಸೂರ್ಯ ದಿನಕ್ಕೊಂದು ಗೆರೆ ಎಳೀತಾನೆ. ಡೆವಲಪ್ ಮಾಡೋದು ಬೇಡ, ತೆಗೆದ ತಕ್ಷಣ ಸ್ಕ್ಯಾನ್ ಮಾಡಿ ಕಪ್ಪನ್ನ ಬಿಳುಪಾಗಿ, ಬಿಳುಪನ್ನ ಕಪ್ಪಾಗಿ ತಿರುವುಮುರುವು ಮಾಡಿದ್ರೆ ಆಯ್ತು. ಸೋಲಾರ್‌ಗ್ರಫಿ ಅಂತಾರೆ. ಇಂಗ್ಲೆಂಡಿನ ಹರ್ಟ್‌ಫರ್ಡ್‌ಶೈರ್ ವಿಶ್ವವಿದ್ಯಾಲಯದ ವೀಕ್ಷಣಾಲಯದಲ್ಲಿ ರೆಜಿನಾ ವಾಲ್ಕೆನ್‌ಬರ್ಗ್ ಅನ್ನೋ ವಿದ್ಯಾರ್ಥಿನಿ 2012ರಲ್ಲಿ ಒಂದು ಬಿಯರ್ ಡಬ್ಬಿ ಕಟ್ಟಿ ಮರೆತೇಬಿಟ್ಟಿದ್ದರು, 2020ರಲ್ಲಿ ಸಿಕ್ತು, ಎಂಟು ವರ್ಷ, 2,953 ಸೂರ್ಯನ ಗೆರೆ.

ಅವರನ್ನ ನೋಡಿ ನಾನೂ ಡಬ್ಬಿ ದಕ್ಷಿಣಕ್ಕೆ ಮುಖ ಮಾಡಿ ಕಟ್ಟಿದೆ, ಪುಸ್ತಕದಲ್ಲಿ ಹಾಗೇ ಇತ್ತು. ಆರು ತಿಂಗಳು ಬಿಟ್ಟು ತೆಗೆದ್ರೆ ಅರ್ಧಕ್ಕರ್ಧ ಗೆರೆ ಇಲ್ವೇ ಇಲ್ಲ. ಆಮೇಲೆ ತಲೆಗೆ ಹೋಯ್ತು. ಲಂಡನ್ನಿನಲ್ಲಿ ಸೂರ್ಯ ಮಧ್ಯಾಹ್ನ ಡಿಸೆಂಬರಲ್ಲಿ 15 ಡಿಗ್ರಿ, ಜೂನಲ್ಲಿ 62 ಡಿಗ್ರಿ ಎತ್ತರ, ಯಾವಾಗ್ಲೂ ದಕ್ಷಿಣದಲ್ಲೇ. ನಮ್ಮ ಶಿವಮೊಗ್ಗ ಸುಮಾರು 14 ಡಿಗ್ರಿ ಅಕ್ಷಾಂಶದಲ್ಲಿದೆ, ಡಿಸೆಂಬರಲ್ಲೇ ಸೂರ್ಯ 52 ಡಿಗ್ರಿ ಮೇಲಿರ್ತಾನೆ, ಏಪ್ರಿಲ್ ಕೊನೆಗೆ ನೆತ್ತಿ ಮೇಲೆ, ಆಮೇಲೆ ಉತ್ತರಕ್ಕೇ ದಾಟಿಹೋಗ್ತಾನೆ. ಡಬ್ಬಿಗೆ ಅವನು ಕಾಣೋದು ಹೇಗೆ? ನಮ್ಮ ಕಡೆ ಡಬ್ಬಿ ಪೂರ್ವಕ್ಕೋ ಪಶ್ಚಿಮಕ್ಕೋ ತಿರುಗಿಸಬೇಕು. ಎರಡನೇ ಸಲ ಪೂರ್ವಕ್ಕೆ ಕಟ್ಟಿದೆ, ಡಿಸೆಂಬರ್ 21ಕ್ಕೆ, ಜೂನಲ್ಲಿ ತೆಗೆಯೋದು ಅಂತ. ಮಾರ್ಚಲ್ಲಿ ಮಂಗ ಕಿತ್ತುಕೊಂಡು ಹೋಯ್ತು. ಮೂರನೇ ಸಲದ್ದು ಇದು, ಒಳಗೆ ಸ್ವಲ್ಪ ಮಳೆ ನೀರು ಇಳಿದು ಬೂಷ್ಟು ಹಿಡಿದಿದೆ, ಆ ಕಂದು ಮಚ್ಚೆಗಳೆಲ್ಲ ಬೂಷ್ಟೇ. ಆದ್ರೆ ಗೆರೆ ನೋಡಿ. ಅಲ್ಲಿನವರ ಚಿತ್ರದಲ್ಲಿ ಕಾಮನಬಿಲ್ಲಿನ ಹಾಗೆ ಬಾಗಿರುತ್ತೆ, ನಮ್ಮದು ಹೆಚ್ಚುಕಮ್ಮಿ ನೆಟ್ಟಗೆ ಎದ್ದು ನಿಂತಿವೆ, ಒಂದರ ಪಕ್ಕ ಒಂದು, ಥೇಟ್ ಅಡಿಕೆ ತೋಟ. ಬಲದಿಂದ ಎಡಕ್ಕೆ ಸರಿದಿರೋದು ಉತ್ತರಾಯಣ. ಪಂಚಾಂಗದಲ್ಲಿ ಓದಿದ್ದು ಡಬ್ಬಿಯಲ್ಲಿ ಕಂಡಿದ್ದು ಆವತ್ತೇ.

ಕೊನೆಯದು. ನೀವೆಲ್ಲ ಚಿಕ್ಕವರಿದ್ದಾಗ ಮಾಡಿರ್ತೀರಿ, ಎಲೆ ಅಡಿಭಾಗ ಬೆಳ್ಳಗೆ ಪುಡಿ ಇರೋ ಒಂದು ಜರಿಗಿಡ ಇದೆಯಲ್ಲ, ಅದನ್ನ ಕೈ ಮೇಲಿಟ್ಟು ಪಟ್ ಅಂತ ಹೊಡೆದ್ರೆ ಎಲೆ ಅಚ್ಚು ಬೀಳುತ್ತೆ. ಹಚ್ಚೆ ಅಂತಿದ್ವಿ. ನನ್ನ ಪ್ರಕಾರ ಅದೇ ನಮ್ಮೆಲ್ಲರ ಮೊದಲ ಕಾಂಟ್ಯಾಕ್ಟ್ ಪ್ರಿಂಟ್, ಅಂದ್ರೆ ವಸ್ತುವನ್ನೇ ಮೇಲಿಟ್ಟು ತೆಗೆಯೋ ಅಚ್ಚು. 1843ರಲ್ಲಿ ಇಂಗ್ಲೆಂಡಿನ ಆನ್ನಾ ಆಟ್ಕಿನ್ಸ್ ಮಾಡಿದ್ದೂ ಹೆಚ್ಚುಕಮ್ಮಿ ಅದೇ. ಜಾನ್ ಹರ್ಷೆಲ್ ಹಿಂದಿನ ವರ್ಷವಷ್ಟೇ ಸಯನೋಟೈಪ್ ಕಂಡುಹಿಡಿದಿದ್ದ, ಕಬ್ಬಿಣದ ಲವಣ ಹಚ್ಚಿದ ಕಾಗದ, ಬಿಸಿಲಿಗೆ ಇಟ್ಟು ನೀರಲ್ಲಿ ತೊಳೆದ್ರೆ ಕಡುನೀಲಿ. ಆಕೆ ಕಡಲಪಾಚಿಯನ್ನ ಹಾಗೇ ಕಾಗದದ ಮೇಲಿಟ್ಟು ಪ್ರಿಂಟ್ ಮಾಡ್ತಾ ಹೋದಳು, ಹತ್ತು ವರ್ಷ. ತಮಾಷೆ ಏನಂದ್ರೆ ಆಕೆಗೆ ಬೇಕಿದ್ದಿದ್ದು ಪಾಚಿಯ ಗುರುತು ಹಿಡಿಯೋ ಚಿತ್ರ, ಚಿತ್ರವೇ ಇಲ್ಲದ ಒಂದು ಪಾಚಿ ಪುಸ್ತಕಕ್ಕೆ ಜೊತೆಯಾಗಲಿ ಅಂತ. ಪ್ರತಿ ಹಾಳೆಯಲ್ಲೂ ಹೆಸರು ಬರೆದಿದ್ದಾಳೆ. ಇವತ್ತು ನಮಗೆ ಆ ಹೆಸರು ಕಾಣಲ್ಲ, ನೀಲಿಯಲ್ಲಿ ತೇಲೋ ಬಿಳಿ ನೂಲು ಕಾಣುತ್ತೆ. ನೇಚರ್ ವಿಭಾಗದ್ದೇ ಚಿತ್ರ, ತಾನಾಗೇ ಇತ್ತ ಕಡೆ ಬಂದುಬಿಟ್ಟಿದೆ.

ಸಯನೋಟೈಪ್ ಕೆಮಿಕಲ್ ಎಲ್ಲಾ ಊರಲ್ಲೂ ಸಿಗಲ್ಲ. ಅರಿಶಿನ ಸಿಗುತ್ತೆ. ಗಿಡದ ರಸ ಹಚ್ಚಿ ಬಿಸಿಲಲ್ಲಿ ಚಿತ್ರ ಮಾಡೋದಕ್ಕೆ ಆಂಥೋಟೈಪ್ ಅಂತಾರೆ. ಎರಡು ಚಮಚ ಅರಿಶಿನಕ್ಕೆ ಸರ್ಜಿಕಲ್ ಸ್ಪಿರಿಟ್ ಹಾಕಿ ಕಲಸಿ, ಬಟ್ಟೆಯಲ್ಲಿ ಸೋಸಿ, ದಪ್ಪ ಡ್ರಾಯಿಂಗ್ ಹಾಳೆಗೆ ಬಳಿದು ನೆರಳಲ್ಲಿ ಒಣಗಿಸಿ. ಮೇಲೆ ಎಲೆ ಇಟ್ಟು ಗಾಜು ಮುಚ್ಚಿ ಬಿಸಿಲಿಗೆ ಇಡಿ. ಬೇರೆ ಹೂವಿನ ರಸಕ್ಕೆ ದಿನಗಟ್ಟಲೆ, ಕೆಲವಕ್ಕೆ ವಾರಗಟ್ಟಲೆ ಬೇಕು, ಅರಿಶಿನಕ್ಕೆ ಮಾರ್ಚ್ ಬಿಸಿಲಲ್ಲಿ ಎರಡು ಮೂರು ಗಂಟೆ ಸಾಕು, ಅರಿಶಿನ ಹಚ್ಚಿದ ಬಟ್ಟೆ ಬಿಸಿಲಲ್ಲಿ ಒಣಹಾಕಿದ್ರೆ ಕಲೆ ಹೋಗೋದು ನೋಡಿಲ್ವಾ, ಅದೇ ಕೆಲಸ. ಬಿಸಿಲು ಬಿದ್ದ ಕಡೆ ಬೆಳ್ಳಗಾಗುತ್ತೆ, ಎಲೆ ಕೆಳಗೆ ಹಳದಿ ಉಳಿಯುತ್ತೆ. ಅಲ್ಲಿಗೆ ಚಿತ್ರ ಸಪ್ಪೆ. ಈಗ ಸುಣ್ಣದ ತಿಳಿ ನೀರಲ್ಲಿ ಅದ್ದಿ.

ನಾನು ಮೊದಲ ಸಲ ಅಡುಗೆಮನೆ ಕಟ್ಟೆ ಮೇಲೆ ಇದನ್ನ ಮಾಡ್ತಿದ್ದಾಗ ನಮ್ಮಮ್ಮ ಹಿಂದೆ ನಿಂತು ನೋಡ್ತಿದ್ರು. ಹಳದಿ ಎಲೆ ಕಣ್ಣೆದುರೇ ಕೆಂಪಗೆ ತಿರುಗ್ತು. ‘ಇದಕ್ಕೆ ಆರತಿ ನೀರು ಅಂತಾರೆ ಕಣೋ, ಇಷ್ಟಕ್ಕೆ ನೀನು ಇಂಗ್ಲಿಷ್ ಪುಸ್ತಕ ಓದಬೇಕಿತ್ತಾ’ ಅಂದ್ರು. ನಿಜ, ಮದುವೆ ಮನೇಲಿ ಅರಿಶಿನಕ್ಕೆ ಸುಣ್ಣ ಹಾಕಿ ಓಕುಳಿ ಮಾಡೋದು ಇದನ್ನೇ. ಒಂದು ತೊಂದರೆ ಇದೆ, ಈ ಚಿತ್ರ ಉಳಿಯಲ್ಲ. ಬೆಳಕಲ್ಲಿ ತೂಗುಹಾಕಿದ್ರೆ ತಿಂಗಳೊಳಗೆ ಮಸುಕು. ಪುಸ್ತಕದೊಳಗೆ ಮುಚ್ಚಿಟ್ಟು ಆಗಾಗ ತೆಗೆದು ನೋಡಬೇಕು. ಅಮ್ಮ ಒಂದನ್ನ ರಾಮಾಯಣದ ಪುಸ್ತಕದಲ್ಲಿ ಇಟ್ಕೊಂಡಿದ್ದಾರೆ, ಹೊಂಗೆ ಎಲೆದು.

ಗಂಟೆ ಒಂದಾಯ್ತು. ಆರು ಹಾಳೆ ಇದೆ ಅಂದೆನಲ್ಲ, ಎರಡು ಜರಿ, ಒಂದು ಹೊಂಗೆ, ಒಂದು ಬೇವು, ಇನ್ನೆರಡರ ಮೇಲೆ ಏನಿಟ್ಟಿದ್ದೀನಿ ಅಂತ ಹೇಳಲ್ಲ, ನೀವೇ ಗುರುತು ಹಿಡೀರಿ. ಬಕೆಟ್ಟಲ್ಲಿ ಸುಣ್ಣದ ನೀರು ಮೆಟ್ಟಿಲ ಹತ್ರ ಇಟ್ಟಿದ್ದೀನಿ, ಯಾರಾದ್ರೂ ಇಬ್ರು ಕೈ ಜೋಡಿಸಿ ಮೇಲೆ ತಂದುಕೊಡಿ. ಬಿಳಿ ಅಂಗಿ ಹಾಕ್ಕೊಂಡು ಬಂದಿರೋರು ಮಾತ್ರ ಸ್ವಲ್ಪ ಹಿಂದೆ ನಿಂತ್ಕೊಳ್ಳಿ.